ಅವ್ವನ ಬಳೆಯಲ್ಲಿದ್ದ ರಾಮಾ ಹಸಿರು

ಕುಷ್ಟಗಿಯಿಂದ ಚಿಕ್ಕಪ್ಪನ ಮಗಳು ಸುನಂದಾ ಮೊನ್ನೆ ಫೋನು ಮಾಡಿದ್ದಳು. ಪಿಯುಸಿ ಮುಗಿಸಿದ್ದಾಳೆ, ವಿಶ್ವವಿದ್ಯಾಲಯದಲ್ಲಿ ಡಿಸೈನ್ ಓದಲು ಸೀಟು ಸಿಕ್ಕಿದೆ, ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. "ಅಕ್ಕಾ, ಗ್ರಾಫಿಕ್ಸ್ ಕೆಲಸಕ್ಕ ಯಾವ ಲ್ಯಾಪ್‌ಟಾಪ್ ಛಲೋ? ನೀ ಹೇಳಿದ್ದ ತಗೋತೀನಿ" ಎಂದಳು.

"ಮೊದ್ಲ ಒಂದು ಜಂಪರ್ ಪೀಸ್ ತಗೋ" ಎಂದೆ.

ರವಿಕೆ ಬಟ್ಟೆ ಎಂದದ್ದು ಕೇಳಿ ಅವಳು ನಕ್ಕಳು. "ಅಕ್ಕಾ, ನಾ ಕೇಳಿದ್ದು ಲ್ಯಾಪ್‌ಟಾಪ್."

"ನಾನೂ ಅದನ್ನ ಹೇಳಾಕತ್ತೀನಿ. ರಾಮಾ ಹಸಿರು ಜಂಪರ್ ಪೀಸ್ ಇರ್ಲಿ. ಬ್ಯಾರೆ ಬಣ್ಣ ಬ್ಯಾಡ."

ಕೊಪ್ಪಳದಲ್ಲಿ ಒಬ್ಬಳೇ ಕೂತು ಕೂತು ಅಕ್ಕನಿಗೆ ತಲೆ ಕೆಟ್ಟಿದೆ ಎಂದು ಅವಳು ಮನೆಯಲ್ಲಿ ಹೇಳಿರಬಹುದು. ನೀವೂ ಹಾಗೇ ಅಂದುಕೊಳ್ಳುವ ಮೊದಲು ನನ್ನ ಹಳೆಯ ಲ್ಯಾಪ್‌ಟಾಪ್ ಚೀಲವನ್ನೊಮ್ಮೆ ತೋರಿಸಬೇಕು. ಲ್ಯಾಪ್‌ಟಾಪ್ ತೀರಿಕೊಂಡು ಎಷ್ಟೋ ದಿನವಾಯಿತು. ಚೀಲ ಮಾತ್ರ ಅಟ್ಟದ ಮೇಲಿದೆ. ಅದರ ಒಳಜೇಬಿಗೆ ಒಂದು ಪಿನ್ನು, ಪಿನ್ನಿನಲ್ಲಿ ಎರಡು ಬೆರಳಗಲದ ಬಟ್ಟೆಯ ತುಂಡು. ಸುನಂದಾಳ ಫೋನು ಇಟ್ಟ ಮೇಲೆ ಏಣಿ ಹಾಕಿ ಅದನ್ನು ಇಳಿಸಿದೆ. ಧೂಳಿಗೆ ನಾಲ್ಕು ಸಲ ಸೀನು ಬಂತು. ತುಂಡು ಹಾಗೇ ಇತ್ತು, ಅಂಚಿನಲ್ಲಿ ಎಳೆ ಬಿಟ್ಟಿತ್ತು ಅಷ್ಟೇ.

ಗಂಗಾವತಿಯಲ್ಲಿ ನನ್ನ ಅವ್ವನದು ಮ್ಯಾಚಿಂಗ್ ಸೆಂಟರ್. ಸೀರೆ ತಂದರೆ ಅದಕ್ಕೆ ಹೊಂದುವ ಜಂಪರ್ ಪೀಸು, ಫಾಲು, ದಾರ, ಗುಂಡಿ ಕೊಡುವ ಅಂಗಡಿ. ಅಂಗಡಿ ಎನ್ನುವುದು ದೊಡ್ಡ ಮಾತಾಯಿತು. ಎರಡು ಗೋಡೆಗಳ ನಡುವೆ ಉಳಿದಿದ್ದ ಸಂದಿಗೆ ಶಟರ್ ಹಾಕಿಸಿದ್ದರು. ಕೊಪ್ಪಳ ಜಿಲ್ಲೆಯಾದ ವರ್ಷವೇ ಅವ್ವನ ಅಂಗಡಿಯೂ ಆಯಿತು. ಆಗ ನನಗೆ ನಾಲ್ಕು ವರ್ಷ. ಊರಿನವರಿಗೆ ಜಿಲ್ಲೆ ಆಗಿದ್ದು ದೊಡ್ಡ ಸುದ್ದಿ, ನಮ್ಮ ಮನೆಯಲ್ಲಿ ಶಟರ್ ಎತ್ತಿದ್ದು ದೊಡ್ಡ ಸುದ್ದಿ. ಮುನಿರಾಬಾದಿನ ನೀರಾವರಿ ಕಚೇರಿಯಲ್ಲಿ ಗುಮಾಸ್ತನಾಗಿದ್ದ ಅಪ್ಪ ಅವತ್ತು ರಜೆ ಹಾಕಿ ಬಂದು ಶಟರನ್ನು ಮೂರು ಸಲ ಎತ್ತಿ ಇಳಿಸಿ, "ತೂಕ ಐತಿ, ಭಾಳ ದಿನ ಬರ್ತೈತಿ" ಎಂದು ಅಪ್ಪಣೆ ಕೊಟ್ಟಿದ್ದನಂತೆ. ಅಪ್ಪನಿಗೆ ಜಗತ್ತಿನ ಯಾವುದೇ ವಸ್ತುವಿನ ಗುಣ ಗೊತ್ತಾಗುವುದು ಕೈಯಲ್ಲಿ ಎತ್ತಿ ನೋಡಿದಾಗ ಮಾತ್ರ.

ನಾನು ಬೆಳೆದದ್ದು ದಾರದ ಪೆಟ್ಟಿಗೆಗಳ ಕೆಳಗೆ. ನಾಲ್ಕು ಗೇಣಿನ ಜಾಗದಲ್ಲಿ ಚಾಪೆ, ಚಾಪೆಯ ಮೇಲೆ ನಾನು, ನನ್ನ ಸುತ್ತ ಅವ್ವ ಕತ್ತರಿಸಿ ಬಿಸಾಡಿದ ಚೂರುಗಳು. ಅವುಗಳ ಹೆಸರು ನನಗೆ ಅಕ್ಷರಕ್ಕಿಂತ ಮೊದಲೇ ಬಂದವು. ರಾಣಿ, ಗಜ್ಜರಿ ಕೆಂಪಿನ ಗಾಜರಿ, ಆನಂದ, ಮೆಹೆಂದಿ, ಬಾಟಲಿ ಹಸಿರು, ಗಿಳಿ ಹಸಿರು, ಬದನೆಕಾಯಿ, ಕಾಫಿ. ಇದರಿಂದ ಸಾಲಿಯಲ್ಲಿ ನನಗೆ ಕಷ್ಟವೇ ಆಯಿತು. ಒಂದನೇ ಇಯತ್ತೆಯಲ್ಲಿ ಟೀಚರು ಬಣ್ಣದ ಪಟ ತೂಗುಹಾಕಿ ಬೆತ್ತದಿಂದ ಕೆಂಪನ್ನು ಮುಟ್ಟಿ, "ಇದು ಯಾವ ಬಣ್ಣ?" ಎಂದರು. "ಗಾಜರಿ" ಎಂದೆ. ಟೀಚರು ಮತ್ತೊಮ್ಮೆ ಮುಟ್ಟಿದರು. ಹತ್ತಿರ ಹೋಗಿ ನೋಡಿ, "ಗಾಜರಿನ ಐತ್ರಿ ಟೀಚರ, ಸ್ವಲ್ಪ ಮಾಸೈತಿ" ಎಂದೆ. ಬೆಂಚಿನ ಮೇಲೆ ನಿಲ್ಲಿಸಿದರು. ಬೆಂಚಿನ ಮೇಲಿಂದ ಟೀಚರ ಸೀರೆಗೂ ಜಂಪರಿಗೂ ಕೂಡುವುದಿಲ್ಲ ಎನ್ನುವುದು ಇನ್ನೂ ಚೆನ್ನಾಗಿ ಕಾಣುತ್ತಿತ್ತು. ಪುಣ್ಯಕ್ಕೆ ಅದನ್ನು ಹೇಳಲಿಲ್ಲ.

ಈ ಬಣ್ಣಗಳಲ್ಲೆಲ್ಲ ಹಟಮಾರಿ ಎಂದರೆ ರಾಮಾ ಹಸಿರು. ಹೆಸರು ಹಸಿರು, ಮನಸ್ಸು ಅರ್ಧ ನೀಲಿ. ಟ್ಯೂಬ್‌ಲೈಟಿನಲ್ಲಿ ಒಂದು, ಬಲ್ಬಿನಲ್ಲಿ ಇನ್ನೊಂದು. ಕನಕಗಿರಿಯಿಂದ ಒಂದು ಸಲ ಅಕ್ಕ ತಂಗಿ ಇಬ್ಬರು ಬಂದು ಒಂದೇ ಸೀರೆಯನ್ನು ಹಿಡಿದುಕೊಂಡು, ಒಬ್ಬಳು ನೀಲಿ ದಾರ ಕೊಡಿ ಎಂದು, ಇನ್ನೊಬ್ಬಳು ಹಸಿರು ದಾರ ಕೊಡಿ ಎಂದು ಮಧ್ಯಾಹ್ನದ ಊಟದವರೆಗೆ ಜಗಳವಾಡಿದ್ದನ್ನು ನಾನು ಚಾಪೆಯ ಮೇಲೆ ಕೂತು ನೋಡಿದ್ದೇನೆ. ಅವ್ವ ತನ್ನ ಬುತ್ತಿ ಬಿಚ್ಚಿ ಇಬ್ಬರಿಗೂ ಒಂದೊಂದು ರೊಟ್ಟಿ ಕೊಟ್ಟು, ತಿಂದಾದ ಮೇಲೆ ಇಬ್ಬರನ್ನೂ ಹೊಸ್ತಿಲಿಗೆ ಕರೆದೊಯ್ದು ಸೀರೆಯ ಸೆರಗನ್ನು ಬಿಸಿಲಿಗೆ ಹಿಡಿದಳು. "ಈಗ ನೋಡ್ರಿ. ಬಿಸಲು ಸುಳ್ಳು ಹೇಳೂದಿಲ್ಲ." ನಮ್ಮ ಅಂಗಡಿಯ ಕಟ್ಟಕಡೆಯ ನ್ಯಾಯಾಲಯ ಹೊಸ್ತಿಲು. ದಾರವಾಗಲಿ ಬಟ್ಟೆಯಾಗಲಿ ಅಲ್ಲಿಗೆ ಹೋಗಿ ಬರದೆ ಮಾರಾಟವಾಗುತ್ತಿರಲಿಲ್ಲ. ಹೋಲ್‌ಸೇಲ್ ಖರೀದಿಗೆ ಹುಬ್ಬಳ್ಳಿಗೆ ಹೋಗುವಾಗ ಅವ್ವ ಬೇಕಾದ ಬಣ್ಣಗಳ ಚೂರುಗಳನ್ನು ಪಿನ್ನಿನಿಂದ ಬಳೆಗೆ ಸಿಕ್ಕಿಸಿಕೊಳ್ಳುತ್ತಿದ್ದಳು. ಚೀಟಿ ಕಳೆಯುತ್ತದೆ, ಬಳೆ ಕಳೆಯುವುದಿಲ್ಲ ಎಂಬುದು ಅವಳ ಲೆಕ್ಕ. ಬಸ್ಸಿನಲ್ಲಿ ಕೈ ಎತ್ತಿ ಕಂಬಿ ಹಿಡಿದರೆ ಅವ್ವನ ಮುಂಗೈಯಲ್ಲಿ ಏಳೆಂಟು ಬಣ್ಣ ಹಾರಾಡುತ್ತಿದ್ದವು.

ಇಂಥ ಮನೆಯಿಂದ ಹೋದವಳು ನಾನು. ಹೋದದ್ದು ಕಲಬುರಗಿಗೆ, ಡಿಸೈನ್ ಓದಲು. ಮೊದಲ ವರ್ಷದ ಕೊನೆಗೆ ಒಂದು ಸೀರೆಯ ಅಂಚಿನ ವಿನ್ಯಾಸವನ್ನು ಕಂಪ್ಯೂಟರಿನಲ್ಲಿ ಮಾಡಿ ಮುದ್ರಿಸಿ ತರಬೇಕಿತ್ತು. ನನ್ನ ಬಳಿ ಲ್ಯಾಪ್‌ಟಾಪ್ ಇರಲಿಲ್ಲ. ರೂಮಿನ ಗೆಳತಿಯದನ್ನು ಕೇಳಿ ಪಡೆದು, ಹಾಸ್ಟೆಲ್ಲಿನ ನೆಲದ ಮೇಲೆ ಅದನ್ನಿಟ್ಟು, ಮಂಚದ ಮೇಲಿಂದ ಬಗ್ಗಿಕೊಂಡು ಎಂಟು ದಿನ ಕೆಲಸ ಮಾಡಿದೆ. ಕುಂಕುಮದ ಕೆಂಪಿನ ಮೇಲೆ ರಾಮಾ ಹಸಿರಿನ ಗೋಪುರಗಳ ಸಾಲು. ಮುದ್ರಣವಾಗಿ ಬಂದಾಗ ಗೋಪುರಗಳೆಲ್ಲ ಮಸಿ ಕುಡಿದು ನಿಂತಿದ್ದವು. ಮೈಸೂರು ಕಡೆಯ ಮೇಷ್ಟ್ರು ಅದನ್ನು ತರಗತಿಗೆ ಎತ್ತಿ ಹಿಡಿದು, "ಇದು ಯಾವ ಬಣ್ಣ?" ಎಂದರು. "ರಾಮಾ ಹಸಿರು ಸರ್" ಎಂದೆ. ತರಗತಿಗೆ ತರಗತಿಯೇ ನಕ್ಕಿತು. ಮೇಷ್ಟ್ರು ಕೆಟ್ಟವರಲ್ಲ, ನಗಲಿಲ್ಲ. ಆಮೇಲೆ ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದರು, "ನೋಡಮ್ಮ, ಗೆರೆ ಚೆನ್ನಾಗಿದೆ. ಆದರೆ ಬಣ್ಣ ನೋಡೋ ಕಣ್ಣು ಎಲ್ಲರಿಗೂ ಇರಲ್ಲ. ಎರಡನೇ ವರ್ಷಕ್ಕೆ ಬಟ್ಟೆ ವಿನ್ಯಾಸ ಬೇಡ, ಅಕ್ಷರ ವಿನ್ಯಾಸ ತಗೋ. ಬೇಕೇ ಬೇಕು ಅಂದರೆ ರಜೆ ಮುಗಿಸಿ ಬರುವಾಗ ಇದನ್ನೇ ಮತ್ತೆ ಮಾಡಿ ತಾ, ನೋಡೋಣ."

ಈಜು ಕಲಿಸುವವನ ಮಗ ಬಾವಿಗೆ ಬಿದ್ದು ನೀರು ಕುಡಿದ ಹಾಗಾಯಿತು ನನ್ನ ಸ್ಥಿತಿ. ಮನೆಗೆ ಬಂದವಳು ಅವ್ವನಿಗೆ ಹೇಳಲಿಲ್ಲ. ಹೇಗೆ ಹೇಳಲಿ? ದಿನವೂ ಅಂಗಡಿಯಲ್ಲಿ ಕೂತು ದಾರ ತೆಗೆದುಕೊಡುವಾಗ ಕೈ ತಡವರಿಸುತ್ತಿತ್ತು. ಇದು ಹೌದೋ ಅಲ್ಲವೋ ಎಂದು ಮೊದಲ ಸಲ ನನ್ನ ಕಣ್ಣಿನ ಮೇಲೆ ನನಗೇ ಅನುಮಾನ ಬಂದಿತ್ತು. ನಿಜ ಹೇಳುತ್ತೇನೆ, ಬಹಳ ಹೆದರಿದ್ದೆ. ಅವ್ವನಿಗೆ ಹೇಳಿದ್ದು ಇಷ್ಟೇ: ಎರಡನೇ ವರ್ಷಕ್ಕೆ ಸ್ವಂತ ಲ್ಯಾಪ್‌ಟಾಪ್ ಬೇಕು.

ಅವ್ವ ಒಂದೇ ಕೆಲಸಕ್ಕಾಗಿ ಅಂಗಡಿಯ ಬಾಗಿಲು ಹಾಕುವವಳಲ್ಲ. ಕನಕಗಿರಿಯ ಗಿರಾಕಿಯೊಬ್ಬಳಿಗೆ ರಾಮಾ ಹಸಿರಿನ ದಾರ ಬೇಕಾಗಿತ್ತು, ನಮ್ಮಲ್ಲಿ ತೀರಿತ್ತು. ಕೊಪ್ಪಳದಲ್ಲಿ ದಾರವನ್ನೂ ತರಬಹುದು, ಲ್ಯಾಪ್‌ಟಾಪನ್ನೂ ತರಬಹುದು ಎಂದು ಗಟ್ಟಿಯಾದ ಮೇಲೆ ಬಾಗಿಲು ಹಾಕಿದಳು. ಗಂಗಾವತಿಯಲ್ಲೇ ಕಂಪ್ಯೂಟರ್ ಅಂಗಡಿ ಇತ್ತು. "ಅವರ ಹೆಂಡ್ತಿ ನಮ್ಮ ಗಿರಾಕಿ ಐದಾಳ. ಆಕಿ ಮುಂದ ಹೆಂಗ ಚೌಕಾಸಿ ಮಾಡ್ಲಿ?" ಎಂದಳು. ಅಪ್ಪ ಮುನಿರಾಬಾದಿನಿಂದ ನೇರ ಕೊಪ್ಪಳಕ್ಕೆ ಬರುತ್ತೇನೆಂದ. ಅವನ ಬಸ್ಸು ಹಿಟ್ನಾಳದ ಹತ್ತಿರ ನಿಂತುಬಿಟ್ಟದ್ದರಿಂದ ನಾವು ಮೊದಲು ದಾರದಂಗಡಿಗೆ ಹೋದೆವು. ಒಂದಕ್ಕೊಂದು ಹತ್ತಿರವಿದ್ದ ಮೂರು ಉಂಡೆ ಸಿಕ್ಕವು. ಅವ್ವ ಮೂರನ್ನೂ ಚೀಲಕ್ಕೆ ಹಾಕಿಕೊಂಡಳು. ಬಟ್ಟೆಯ ಚೂರು ಬಳೆಯಲ್ಲೇ ಉಳಿಯಿತು.

ಕಂಪ್ಯೂಟರ್ ಅಂಗಡಿಯಲ್ಲಿ ನನ್ನ ಆಯ್ಕೆ ಬಾಗಿಲಲ್ಲೇ ಮುಗಿದಿತ್ತು. ಕಪ್ಪಗೆ, ತೆಳ್ಳಗೆ ಮಿಂಚುವ ಒಂದು ಲ್ಯಾಪ್‌ಟಾಪ್. ಕೀಲಿಗಳ ಕೆಳಗೆ ಕೆಂಪು ದೀಪ. ಗೆಳತಿಯ ಲ್ಯಾಪ್‌ಟಾಪಿನ ತಂಗಿಯೇ ಸರಿ, ದೀಪ ಒಂದು ಹೆಚ್ಚು. ಡಿಸೈನ್ ಓದುವ ಹುಡುಗಿಯ ಕೈಯಲ್ಲಿ ದೀಪ ಹತ್ತುವ ಲ್ಯಾಪ್‌ಟಾಪ್ ಇದ್ದರೆ ಯಾವ ಮೇಷ್ಟ್ರು ತಾನೇ ಏನು ಅಂದಾರು ಎಂದು ನನ್ನ ಹತ್ತೊಂಬತ್ತರ ಬುದ್ಧಿ ಹೇಳಿತು. ಅಂಗಡಿಯವರು ಮೆಮೊರಿ ಎಂದರು, ಗ್ರಾಫಿಕ್ಸ್ ಕಾರ್ಡ್ ಎಂದರು, ಎಷ್ಟು ದೊಡ್ಡ ಫೈಲಿದ್ದರೂ ಓಡುತ್ತದೆ ಎಂದರು. ಅಷ್ಟರಲ್ಲಿ ಬೆವರು ಒರೆಸಿಕೊಳ್ಳುತ್ತ ಬಂದ ಅಪ್ಪ ಅದನ್ನು ಎತ್ತಿ ನೋಡಿ, "ತೂಕ ಇಲ್ಲ" ಎಂದು ಕೆಳಗಿಟ್ಟ.

"ಬಣ್ಣ ತೋರಿಸ್ರಿ" ಎಂದಳು ಅವ್ವ.

"ಕಪ್ಪು ಐತ್ರಿ ಅಮ್ಮಾರ, ಬೆಳ್ಳಿನೂ ಐತ್ರಿ."

"ಮ್ಯಾಲಿಂದಲ್ರಿ, ಒಳಗಿನ ಬಣ್ಣ. ನನ್ನ ಮಗಳು ಬಣ್ಣದ ಕೆಲಸಕ್ಕ ತಗೊಳ್ಳಾಕ ಬಂದಾಳ."

ಅವರು ಪರದೆಯ ಮೇಲೆ ಹೂವಿನ ಚಿತ್ರ ತೆರೆದರು. ಮುಂದೇನಾಗುತ್ತದೆ ಎಂದು ನನಗೆ ಹೊಳೆಯುವುದರೊಳಗೆ ಅವ್ವ ಲ್ಯಾಪ್‌ಟಾಪನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೊಸ್ತಿಲ ಕಡೆ ನಡೆದಿದ್ದಳು. "ಅಮ್ಮಾರ, ವೈರ್ ಐತ್ರಿ, ವೈರ್ ಐತ್ರಿ" ಎನ್ನುತ್ತ ಅಂಗಡಿಯವರು ಹಸುಗೂಸಿಗೆ ಕೈ ಒಡ್ಡಿದಂತೆ ಅದರ ಕೆಳಗೆ ಕೈ ಹಿಡಿದು ಹಿಂದೆ ಹಿಂದೆ ಓಡಿದರು. ಕೊಪ್ಪಳದ ಹನ್ನೆರಡು ಗಂಟೆಯ ಬಿಸಿಲು. ಹೂವೂ ಇಲ್ಲ, ಎಲೆಯೂ ಇಲ್ಲ. ಪರದೆಯಲ್ಲಿ ಅವ್ವನ ಮುಖ ಮಾತ್ರ ಕಾಣುತ್ತಿತ್ತು. ಅವ್ವ ಅಷ್ಟಕ್ಕೇ ಬಿಡಲಿಲ್ಲ, ಲ್ಯಾಪ್‌ಟಾಪನ್ನು ಅಂಗಡಿಯವರ ಕೈಗೆ ಕೊಟ್ಟು ಬಸ್ಸಿನಲ್ಲಿ ಅಳಿಸಿದ್ದ ಕುಂಕುಮವನ್ನು ನೋಡಿ ಸರಿ ಮಾಡಿಕೊಂಡಳು. ದಾರಿಯಲ್ಲಿ ಹೋಗುತ್ತಿದ್ದ ಯಾರೋ, "ಏನ್ರಿ ಅಕ್ಕಾರ, ಕನ್ನಡಿ ಏನ್ರಿ ಅದು?" ಎಂದರು. ನನಗೆ ಭೂಮಿ ಬಾಯಿ ಬಿಟ್ಟರೆ ಸಾಕಾಗಿತ್ತು.

"ಬಿಸಲಾಗ ಕಾಣಲಾರದ್ದು ಎಂಥಾ ಬಣ್ಣಪಾ?" ಎನ್ನುತ್ತ ಅವ್ವ ಒಳಗೆ ಬಂದಳು. ಬಳೆಯಿಂದ ಚೂರು ಬಿಚ್ಚಿ ನನ್ನ ಮುಂದಿಟ್ಟಳು. "ಹೋಗ್ಲಿ, ನೆಳ್ಳಾಗರ ನೋಡೂಣು. ಇದನ್ನ ಇದರಾಗ ಮಾಡಿ ತೋರಿಸು."

ಸ್ಟೂಲಿನ ಮೇಲೆ ಕೂತು ಪರದೆಯ ಮೇಲೊಂದು ಚೌಕ ಬರೆದೆ. ಹಸಿರಿಗೆ ನೀಲಿ, ನೀಲಿಗೆ ಸ್ವಲ್ಪ ಕಪ್ಪು ಬೆರೆಸುತ್ತ ಚೂರಿಗೆ ಹೊಂದುವ ತನಕ ತಂದೆ. "ನೋಡವ್ವ, ಕೂಡ್ತು" ಎಂದೆ.

ಪಕ್ಕದಲ್ಲಿ ನಿಂತಿದ್ದ ಅವ್ವ ಚೂರನ್ನು ಪರದೆಗೆ ಹಿಡಿದಳು. "ಎಲ್ಲಿ ಕೂಡ್ತೈತಿ? ಹತ್ತು ಸಲ ಒಗದಂಗ ಬಿಳಚಿಕೊಂಡೈತಿ."

"ನನಗಂತೂ ಬೂದಿ ಕಾಣಾಕತ್ತೈತಿ" ಎಂದ ಆ ಕಡೆ ನಿಂತಿದ್ದ ಅಪ್ಪ.

ನಾನು ಎದ್ದು ನಿಂತೆ. ಎದ್ದ ಕೂಡಲೇ ನನ್ನ ಚೌಕವೂ ಬಿಳಿಚಿಕೊಂಡಿತು. ಕೂತೆ, ಹೊಂದಿತು. ಎದ್ದೆ, ಬಿಳಿಚಿತು. ಅವ್ವ ನನ್ನನ್ನು ನಾಲ್ಕು ಸಲ ಬಸ್ಕಿ ಹೊಡೆಸಿದಳು, ಆಮೇಲೆ ತಾನೇ ಹೊಡೆದು ನೋಡಿದಳು.

"ಎದರಿಗಿ ಕುಂತು ನೋಡಬೇಕ್ರಿ ಅಮ್ಮಾರ" ಎಂದರು ಅಂಗಡಿಯವರು.

"ಸೀರಿ ಉಟ್ಟಾಕಿನ್ನ ಎದರಿಗಿ ಕುಂತವ್ರಷ್ಟ ನೋಡ್ತಾರೇನ್ರಿ? ಇದು ಧೂಪಛಾಂವ್ ಅರಿವಿ ಇದ್ದಂಗ ಐತಿ. ನಿಂತವ್ರಿಗೊಂದು, ಕುಂತವ್ರಿಗೊಂದು."

ನಾನು ಆ ಮಾತಿಗೆ ನಗಲಿಲ್ಲ. ಹಾಸ್ಟೆಲ್ಲಿನ ನೆಲ ಕಣ್ಣಿಗೆ ಬಂತು. ಇದರ ಅಕ್ಕನನ್ನು, ಗೆಳತಿಯ ಆ ಲ್ಯಾಪ್‌ಟಾಪನ್ನು, ಕೆಳಗಿಟ್ಟು, ಮಂಚದ ಮೇಲಿಂದ ಬಗ್ಗಿ ನೋಡುತ್ತ, ಬಣ್ಣ ಬಿಳಿಚಿದೆ ಬಿಳಿಚಿದೆ ಎಂದು ಎಂಟು ದಿನ ನೀಲಿ ಸುರಿದಿದ್ದೆ, ಕಪ್ಪು ಸುರಿದಿದ್ದೆ. ಗೋಪುರಗಳು ಮಸಿ ಕುಡಿಯದೆ ಇನ್ನೇನು ಮಾಡಿಯಾವು? ತಿಂಗಳಿಂದ ಬಚ್ಚಿಟ್ಟಿದ್ದ ಗುಟ್ಟು ಅಲ್ಲೇ, ಆ ಅಂಗಡಿಯವರ ಎದುರಿಗೇ, ಒಡೆಯಿತು. ಅಳುತ್ತಲೇ ಹೇಳಿದೆ, "ಅವ್ವ, ನನಗ ಬಣ್ಣ ನೋಡೂ ಕಣ್ಣ ಇಲ್ಲಂತ ಸರ್ ಹೇಳ್ಯಾರ. ಬಟ್ಟಿ ಡಿಸೈನ್ ಬಿಡು ಅಂದಾರ."

ಅವ್ವ ಸಮಾಧಾನ ಮಾಡಲಿಲ್ಲ. "ಯಾವ ಬಣ್ಣಕ್ಕ ಅಂದ್ರು?" ಎಂದು ಕೇಳಿದಳು.

"ಇದಕ್ಕ."

ಚೀಲದಿಂದ ಆ ಮೂರು ದಾರದ ಉಂಡೆ ತೆಗೆದು ಗಾಜಿನ ಮೇಲಿಟ್ಟಳು. ಚೂರನ್ನು ನನ್ನ ಕೈಗೆ ಕೊಟ್ಟಳು. "ಆರಿಸು."

ಕಣ್ಣು ಒರೆಸಿಕೊಂಡು ಮೂರನ್ನೂ ತೆಗೆದುಕೊಂಡು ಹೊಸ್ತಿಲಿಗೆ ಹೋದೆ. ಬಿಸಿಲಿನಲ್ಲಿ ಒಂದೊಂದಾಗಿ ಎಳೆ ಬಿಚ್ಚಿ ಚೂರಿನ ಮೇಲೆ ಹಾಸಿದೆ. ಮೊದಲನೆಯದು ನೀಲಿಗೆ ಜಾರಿತು. ಎರಡನೆಯದು ಸುಮ್ಮನೆ ಹಸಿರು. ಮೂರನೆಯ ಎಳೆ ಚೂರಿನ ಮೇಲೆ ಬಿದ್ದದ್ದೇ ಕಾಣದಂತಾಯಿತು. ಬೆರಳಿನಿಂದ ಸವರಿ ಅದನ್ನು ಹುಡುಕಬೇಕಾಯಿತು. ಒಳಗೆ ಬಂದು ಮೂರನೆಯ ಉಂಡೆಯನ್ನು ಅವ್ವನ ಮುಂದಿಟ್ಟೆ.

ಅದನ್ನು ನೋಡಲು ಅವ್ವ ಹೊಸ್ತಿಲಿಗೂ ಹೋಗಲಿಲ್ಲ. ಅವಳು ಮುಂಜಾನೆಯೇ ಆರಿಸಿದ್ದು ಅದನ್ನೇ. ಉಳಿದೆರಡು ಬೇರೆ ಗಿರಾಕಿಗಳಿಗಂತೆ. "ನಿನ್ನ ಕಣ್ಣು ಸರಿ ಐತಿ. ಪೊರಿ ಬಂದಿದ್ದು ಆ ಡಬ್ಬಿಗಿ" ಎಂದು ದೀಪದ ಲ್ಯಾಪ್‌ಟಾಪಿನ ಕಡೆ ಬೆರಳು ತೋರಿಸಿದಳು. ನನ್ನ ಮೇಷ್ಟ್ರಿಗೆ ಗೊತ್ತಾಗದ್ದು, ನನಗೂ ಗೊತ್ತಾಗದ್ದು, ಕಂಪ್ಯೂಟರಿನ ಗುಂಡಿ ಯಾವುದೆಂದು ಅರಿಯದ ಅವಳಿಗೆ ಗೊತ್ತಾಗಿತ್ತು. ಅವತ್ತು ನನಗಾದ ಸಂತೋಷಕ್ಕೆ ಈಗಲೂ ಹೆಸರು ಸಿಕ್ಕಿಲ್ಲ.

ಆಮೇಲೆ ಅಂಗಡಿಯವರಿಗೂ ಹುರುಪು ಬಂತು. ಇದ್ದಬದ್ದ ಲ್ಯಾಪ್‌ಟಾಪುಗಳನ್ನೆಲ್ಲ ಗಾಜಿನ ಮೇಲೆ ಸಾಲಾಗಿ ತೆರೆದರು. ಒಂದೊಂದರ ಮುಂದೆಯೂ ನಾನು ಚೌಕ ಬರೆಯುವುದು, ಅವ್ವ ಚೂರು ಹಿಡಿಯುವುದು, ನಾಲ್ವರೂ ಎದ್ದು ಕೂತು ನೋಡುವುದು. ಕಂಪ್ಯೂಟರ್ ರಿಪೇರಿಗೆ ಕೊಡಲು ಬಂದಿದ್ದ ಊರಿನ ಸಾಲಿ ಮೇಷ್ಟ್ರೊಬ್ಬರು ತಮ್ಮ ಕೆಲಸ ಮರೆತು ನಮ್ಮ ಜೊತೆ ಬಸ್ಕಿ ಹೊಡೆದರು. ಒಂದೂ ನಿಲ್ಲಲಿಲ್ಲ. ಕೊನೆಗೆ ಅಂಗಡಿಯವರು ಕೆಳಗಿನ ಕಪಾಟಿನಿಂದ ಒಂದನ್ನು ಎಳೆದರು. ಯಲಬುರ್ಗಾದ ಫೋಟೋ ಸ್ಟುಡಿಯೋದವರೊಬ್ಬರು ಹೇಳಿ ತರಿಸಿ, ಬಂದ ಮೇಲೆ ಒಲ್ಲೆ ಎಂದಿದ್ದರಂತೆ. ದಪ್ಪ, ಚಚ್ಚೌಕ, ಹಳೆಯ ಟ್ರಂಕಿನ ಬಣ್ಣ, ದೀಪದ ಸುಳಿವಿಲ್ಲ. ನನ್ನ ಮುಖ ಸಣ್ಣದಾಯಿತು. ಚೌಕ ಬರೆದೆ. ಕೂತು ನೋಡಿದರೂ ರಾಮಾ ಹಸಿರು, ನಿಂತು ನೋಡಿದರೂ ರಾಮಾ ಹಸಿರು. ಅಪ್ಪ ಬಾಗಿಲ ಮೂಲೆಗೆ ಹೋಗಿ ಓರೆಗಣ್ಣಿನಿಂದ ನೋಡಿ, "ಇಲ್ಲಿಂದನೂ ಅದ ಐತಿ" ಎಂದ. ಅವ್ವ ಚೂರನ್ನು ಪರದೆಗೆ ಒತ್ತಿ ಹಿಡಿದಳು. ಚೂರು ಎಲ್ಲಿ ಮುಗಿಯುತ್ತದೆ, ಚೌಕ ಎಲ್ಲಿ ಶುರುವಾಗುತ್ತದೆ ಎಂದು ಹುಡುಕಬೇಕಾಯಿತು.

"ಇದನ್ನ ಕಟ್ಟಿ ಕೊಡ್ರಿ" ಎಂದಳು, ಒಂದು ಮೀಟರ್ ಬಟ್ಟೆಗೆ ಹೇಳುವ ಹಾಗೆ.

ಅಪ್ಪ ಅದನ್ನು ಎತ್ತಿ ನೋಡಿದ. ಮೊಣಕೈ ಸ್ವಲ್ಪ ಇಳಿಯಿತು, ಮುಖ ಅರಳಿತು. "ನಾ ಮೊದ್ಲ ಹೇಳ್ದೆ, ತೂಕ ಇರಬೇಕು ಅಂತ." ಇವತ್ತಿನವರೆಗೂ ಆ ಲ್ಯಾಪ್‌ಟಾಪನ್ನು ಆರಿಸಿದವನು ತಾನು ಎಂದೇ ಅಪ್ಪ ನೆಂಟರ ಮುಂದೆ ಹೇಳುತ್ತಾನೆ. ಅದನ್ನು ನಾಲ್ಕು ವರ್ಷ ಹೊತ್ತು ನನ್ನ ಎಡ ಹೆಗಲು ಬಲದಕ್ಕಿಂತ ಸ್ವಲ್ಪ ಕೆಳಗಿದೆ, ಅದಕ್ಕೂ ಅವನೇ ಹೊಣೆ.

ರಜೆ ಮುಗಿಸಿ ಹೋಗುವಾಗ ಅಂಚಿನ ವಿನ್ಯಾಸವನ್ನು ಮತ್ತೆ ಮುದ್ರಿಸಿಕೊಂಡು ಹೋದೆ. ಕಾಗದದ ಮೂಲೆಗೆ ಅವ್ವನ ಚೂರನ್ನು ಪಿನ್ನು ಮಾಡಿದ್ದೆ. ಮೇಷ್ಟ್ರು ಕಾಗದವನ್ನು ಹತ್ತಿರ ಹಿಡಿದರು, ದೂರ ಹಿಡಿದರು. ಆಮೇಲೆ, ನಾನು ಹೇಳದೆಯೇ, ಎದ್ದು ಕಿಟಕಿಯ ಬಿಸಿಲಿಗೆ ಹೋದರು. ಚೂರನ್ನು ಬಿಚ್ಚಿ ಗೋಪುರಗಳ ಮೇಲಿಟ್ಟು ನೋಡಿದರು. "ಬಟ್ಟೆ ವಿನ್ಯಾಸವೇ ತಗೋ" ಎಂದು ತಿರುಗಿ ಚೂರನ್ನು ನನ್ನ ಕೈಗಿಟ್ಟರು. "ಹೋದ ಸಲ ತಪ್ಪು ಹೇಳಿದೆ." ಅಷ್ಟು ದೊಡ್ಡವರು ಅಷ್ಟು ಸರಳವಾಗಿ ತಪ್ಪು ಒಪ್ಪಿಕೊಂಡದ್ದನ್ನು ನಾನು ಮರೆತಿಲ್ಲ. ಈಗ ಕೊಪ್ಪಳದಲ್ಲಿ ಕೂತು ನೇಯುವವರಿಗೆ, ಮುದ್ರಿಸುವವರಿಗೆ ಅಂಚು ಸೆರಗು ಬರೆದುಕೊಟ್ಟು ಹೊಟ್ಟೆ ತುಂಬಿಸಿಕೊಳ್ಳುತ್ತೇನೆ. ಹೊಸ ಲ್ಯಾಪ್‌ಟಾಪಿಗೆ ದೀಪವೂ ಇದೆ. ಆಸೆ ತೀರಿತು, ಈಗ ಆ ದೀಪವನ್ನು ಆಫ್ ಮಾಡಿಯೇ ಇಟ್ಟಿರುತ್ತೇನೆ.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಹೋದ ವರ್ಷ ಅವ್ವನ ಎರಡೂ ಕಣ್ಣಿನ ಪೊರೆ ತೆಗೆಸಿದೆವು. ಪಟ್ಟಿ ಬಿಚ್ಚಿ ನಾಲ್ಕು ವಾರಕ್ಕೆ ಅಂಗಡಿಗೆ ಹೋದವಳು ಮಧ್ಯಾಹ್ನ ಫೋನು ಮಾಡಿದಳು. ಅವ್ವನ ದನಿ ಅಷ್ಟು ಸಣ್ಣದಾದದ್ದನ್ನು ನಾನು ಕೇಳಿರಲಿಲ್ಲ. "ಎಲ್ಲಾ ನೀಲಿ ನೀಲಿ ಕಾಣಾಕತ್ತೈತಿ ತಂಗಿ. ಇಷ್ಟ ವರ್ಷ ಮಂದಿಗಿ ತಪ್ಪು ದಾರ ಕೊಟ್ಟೀನೇನ?"

ಹಳದಿಗಟ್ಟಿದ ಪೊರೆ ಹೋದ ಮೇಲೆ ಕೆಲ ದಿನ ಹಾಗೆ ಕಾಣುವುದು ಸಹಜ, ಆದರೆ ಅವ್ವನಿಗೆ ಬರೀ ಮಾತು ಸಾಲದು. ಅಟ್ಟದಿಂದ ಚೀಲ ಮೊದಲು ಇಳಿದದ್ದು ಅವತ್ತೇ, ಸುನಂದಾಳ ಫೋನಿಗೆ ಇಳಿದದ್ದು ಎರಡನೆಯ ಸಲ. ಚೂರು ಬಿಚ್ಚಿಕೊಂಡು ಸಿಕ್ಕ ಬಸ್ಸು ಹತ್ತಿ ಗಂಗಾವತಿಗೆ ಹೋದೆ. ಅಂಗಡಿಯಲ್ಲಿ ಗಿರಾಕಿಯೊಬ್ಬಳು ಸೀರೆ ಮಡಿಲಲ್ಲಿಟ್ಟುಕೊಂಡು ಕಾಯುತ್ತಿದ್ದಳು. ಅವ್ವ ಯಾವ ಪೆಟ್ಟಿಗೆಯನ್ನೂ ಮುಟ್ಟದೆ ಕೂತಿದ್ದಳು. ನಾನು ಪೆಟ್ಟಿಗೆಗಳಿಂದ ಮೂರು ಉಂಡೆ ತೆಗೆದು, ಚೂರಿನ ಜೊತೆ ಅವಳ ಮುಂದಿಟ್ಟೆ. "ಆರಿಸು" ಎಂದೆ.

ಚೂರನ್ನು ನೋಡಿ ಅವ್ವ ಗುರುತು ಹಿಡಿದಳು. "ಇದು ಇಷ್ಟ ನೀಲಿ ಇತ್ತೇನ ಆಗ?"

"ಇತ್ತವ್ವ. ಆರಿಸು."

ಗೋಡೆ ಹಿಡಿದುಕೊಂಡು ಹೊಸ್ತಿಲಿಗೆ ಹೋದಳು. ಕಪ್ಪು ಕನ್ನಡಕ ತೆಗೆದು ಸೆರಗಿಗೆ ಸಿಕ್ಕಿಸಿದಳು. ಎಳೆ ಬಿಚ್ಚಿ ಬಿಚ್ಚಿ ಚೂರಿನ ಮೇಲೆ ಹಾಸಿ ನೋಡಿದಳು. ಬಹಳ ಹೊತ್ತಾದ ಮೇಲೆ ಒಂದು ಉಂಡೆಯನ್ನು ಎತ್ತಿ ಹಿಡಿದಳು. "ಇದ ಅಲ್ಲೇನ?"

ಹತ್ತಿರ ಹೋಗಿ ನೋಡಿದೆ. ಎಳೆ ಚೂರಿನಲ್ಲಿ ಕರಗಿಹೋಗಿತ್ತು. "ಇದ ಐತಿ. ಕಣ್ಣು ಸರಿ ಐತವ್ವ. ಆಗೂ ಸರಿನ ಇತ್ತು" ಎಂದೆ.

ಅವ್ವ ನನ್ನ ಮುಖವನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಒಳಗೆ ಹೋಗಿ ತನ್ನ ಜಾಗದಲ್ಲಿ ಕೂತು ಗಿರಾಕಿಯ ಸೀರೆಯನ್ನು ಮುಂದಕ್ಕೆಳೆದುಕೊಂಡಳು. ಪೆಟ್ಟಿಗೆಯಿಂದ ಒಂದು ದಾರ ತೆಗೆದು ಸೆರಗಿಗೆ ಹಿಡಿದು, ನನ್ನ ಕಡೆ ತಿರುಗಿದಳು. ನಾನು ತಲೆಯಾಡಿಸಿದೆ.

"ತಗೋರಿ, ಕೂಡ್ತೈತಿ" ಎಂದಳು ಗಿರಾಕಿಗೆ. "ನನ್ನ ಮಗಳು ನೋಡ್ಯಾಳ."